ಘಟ್ಟ ಹತ್ತಿದ ಗುಜರಿ ಪೆಟ್ಟಿಗೆಗಳು

1994ರ ಜೂನ್ ಕೊನೆಯಲ್ಲಿ ಒಮ್ಮೆ, ಜುಲೈ ಎರಡನೇ ವಾರದಲ್ಲಿ ಇನ್ನೊಮ್ಮೆ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಮಂಜು ಹೆಪ್ಪುಗಟ್ಟಿ ಗಿಡಗಳು ನಿಂತಲ್ಲೇ ಸೀದುಹೋದವು. ಅದರ ಲಾಭ ಸಿಕ್ಕಿದ್ದು ಕೊಡಗಿಗೆ. ಎಲ್ಲ ಕಾಫಿಯನ್ನೂ ಕಾಫಿ ಮಂಡಳಿಯ ಪೂಲ್‌ಗೇ ಹಾಕಬೇಕೆಂಬ ಹಳೆಯ ಕಟ್ಟು ಅಷ್ಟರಲ್ಲಿ ಸಡಿಲಗೊಂಡಿತ್ತು. ಬೆಳೆಗಾರ ತನ್ನ ಪಾಲಿನದನ್ನು ತಾನೇ ಮಾರುವಂತಾಗಿತ್ತು. ದರ ಏರಿತು, ಸ್ವಲ್ಪ ಇಳಿಯಿತು, 1997ರಲ್ಲಿ ಮತ್ತೆ ಏರಿತು. ತೋಟದ ಮನೆಗಳ ಅಂಗಳಕ್ಕೆ ಮಾರುತಿ ಕಾರು ಬಂತು, ಹೆಂಚಿನ ಮಾಡಿನ ಪಕ್ಕ ಡಿಶ್ ಬಂತು. ಎಲ್ಲರ ಮನೆಗಲ್ಲದಿದ್ದರೂ ಕೆಲವರ ಮನೆಗೆ ಕಂಪ್ಯೂಟರೂ ಬಂತು. ಬಂದವರ ಮುಂದೆ ತೋರಿಸಿ, ಆಮೇಲೆ ಬಟ್ಟೆ ಹೊದಿಸಿ ಇಡುವ ವಸ್ತು ಅದು.

ಸುಗ್ಗಿ ನಿಲ್ಲಲಿಲ್ಲ. ವಿಯೆಟ್ನಾಂ ರಾಶಿಗಟ್ಟಲೆ ರೊಬಸ್ಟಾ ತಂದು ಮಾರುಕಟ್ಟೆಗೆ ಸುರಿಯಿತು. 1997ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 300 ಸೆಂಟ್ ದಾಟಿದ್ದರೆ, 2001 ಮತ್ತು 2002ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ದರ 50 ಸೆಂಟ್‌ನ ಕೆಳಗಿತ್ತು. ಬೆಂಗಳೂರಿನ ಐಟಿ ಕೆಲಸ ಹಳ್ಳಿ ಹಳ್ಳಿಯಲ್ಲೂ ಮನೆಮಾತಾದದ್ದು ಸರಿಯಾಗಿ ಅದೇ ಹೊತ್ತಿನಲ್ಲಿ. ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ಕಾಲೇಜುಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಎಂಜಿನಿಯರ್ ಆಗಬೇಕಾದವರು ಮೈಸೂರಿಗೋ ಮಂಗಳೂರಿಗೋ ಸುಳ್ಯಕ್ಕೋ ಇಳಿಯಬೇಕು. ಮಡಿಕೇರಿಯಲ್ಲೋ ಗೋಣಿಕೊಪ್ಪಲಿನಲ್ಲೋ ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರಿಗೆ ಆ ಲೋಕಕ್ಕೆ ಹೋಗಲು ಇದ್ದ ಅಡ್ಡದಾರಿಯೇ ಸರ್ಟಿಫಿಕೇಟ್.

ಈ ಸರ್ಟಿಫಿಕೇಟುಗಳನ್ನು ಕೊಟ್ಟದ್ದು ವಿಶ್ವವಿದ್ಯಾಲಯಗಳಲ್ಲ, ಸರಕು ಮಾರುವ ಕಂಪನಿಗಳು. ನೊವೆಲ್ 1980ರ ದಶಕದ ಕೊನೆಯ ವೇಳೆಗೇ ದಾರಿ ಹಾಕಿಕೊಟ್ಟಿತು. ಮೈಕ್ರೋಸಾಫ್ಟ್ ತನ್ನ ಎಂಸಿಎಸ್‌ಇ ಹಿಡಿದು ಹಿಂದೆಯೇ ಬಂತು. ಸಿಸ್ಕೊ 1993ರಲ್ಲಿ ಸಿಸಿಐಇ ಎಂಬ ಘನ ಪರೀಕ್ಷೆಯನ್ನೂ 1998ರಲ್ಲಿ ಆರಂಭಿಕರ ಸಿಸಿಎನ್‌ಎಯನ್ನೂ ತಂದಿತು. ರೆಡ್ ಹ್ಯಾಟ್ 1999ರಲ್ಲಿ ಆರ್‌ಎಚ್‌ಸಿಇ ಶುರುಮಾಡಿತು. ಇವಕ್ಕೆ ಡಿಗ್ರಿ ಯಾವುದು, ಕಾಲೇಜು ಯಾವುದು ಎಂಬ ಗೊಡವೆ ಇರಲಿಲ್ಲ. ಶುಲ್ಕವೊಂದನ್ನು ಡಾಲರಿನಲ್ಲಿ ಲೆಕ್ಕ ಹಾಕುತ್ತಿದ್ದವು, ಅಷ್ಟೆ.

ಆದರೆ ಪುಸ್ತಕ ಓದಿ ಪಾಸಾಗುವುದು ಒಂದು, ಕೆಲಸ ಬರುವುದು ಇನ್ನೊಂದು. ಸೋರಿಕೆಯಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪಾಸಾದವರಿಗೆ ಆಗ 'ಪೇಪರ್ ಎಂಸಿಎಸ್‌ಇ' ಎಂಬ ಅಡ್ಡಹೆಸರೇ ಬಿದ್ದಿತ್ತು. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅವರ ಬಣ್ಣ ಬಯಲಾಗುತ್ತಿತ್ತು. ಕೈಯಿಂದ ಕಲಿಯಬೇಕೆಂದರೆ ಯಂತ್ರ ಬೇಕು, ಒಂದಲ್ಲ, ಕಡಿಮೆಯೆಂದರೆ ಮೂರು. ವಿಂಡೋಸ್ ಎನ್‌ಟಿ 4.0 ಇದ್ದ ಕಾಲದ ಉದಾಹರಣೆ ನೋಡಿ: ಒಂದು ಯಂತ್ರ ಪ್ರೈಮರಿ ಡೊಮೈನ್ ಕಂಟ್ರೋಲರ್, ಇನ್ನೊಂದು ಅದರ ಬ್ಯಾಕಪ್, ಮತ್ತೊಂದು ಬಳಕೆದಾರನದು. ಮಾಮೂಲಿ ಸರ್ವರ್ ಆಗಿ ಕೂರಿಸಿದ್ದನ್ನು ಆಮೇಲೆ ಡೊಮೈನ್ ಕಂಟ್ರೋಲರ್ ಆಗಿ ಬಡ್ತಿ ಕೊಡುವಂತಿಲ್ಲ. ಅಳಿಸಿ ಮೊದಲಿಂದ ಇನ್‌ಸ್ಟಾಲ್ ಮಾಡಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಇಂಥ ಆಟಕ್ಕೆ ಕಚೇರಿಯ ಸರ್ವರನ್ನು ಯಾರೂ ಬಿಟ್ಟುಕೊಡುವುದಿಲ್ಲ. ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಗಂಟೆ ಮುಗಿದರೆ ಮುಂದಿನ ಬ್ಯಾಚು ಬಾಗಿಲಲ್ಲಿ ನಿಂತಿರುತ್ತದೆ. ಕೆಡಿಸಿ ಕಲಿಯುವವನಿಗೆ ಕೆಟ್ಟರೂ ಪರವಾಗಿಲ್ಲ ಎನ್ನುವ ಯಂತ್ರವೇ ಬೇಕು, ಅಂದರೆ ಹಳೆಯದು. ಅಂಥವನ್ನು ಜೋಡಿಸಿ ಮನೆಯಲ್ಲೇ ಲ್ಯಾಬ್ ಕಟ್ಟಿಕೊಳ್ಳಬೇಕು.

ಹೊರಗಿನವರು ಬಳಸಿ ಬಿಟ್ಟ ಯಂತ್ರದಲ್ಲಿ ಕಲಿಯುವುದು ಭಾರತಕ್ಕೆ ಹೊಸದೇನೂ ಆಗಿರಲಿಲ್ಲ. 1959ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ 1401 ಯಂತ್ರ ಬೇರೆ ದೇಶಗಳಲ್ಲಿ ಬಾಡಿಗೆ ತೀರಿಸಿದ ಮೇಲೆ ಇಲ್ಲಿಗೆ ಬರುತ್ತಿತ್ತು. ಕಂಪನಿ ಅದನ್ನು ಬಿಚ್ಚಿ, ಸರಿಪಡಿಸಿ, ನಮ್ಮ ಸಂಸ್ಥೆಗಳಿಗೆ ಮತ್ತೆ ಬಾಡಿಗೆಗೆ ಕೊಡುತ್ತಿತ್ತು. ಹಳೆ ಮಾಲಿಗೆ ಇಷ್ಟು ದುಡ್ಡೇ ಎಂದು ಸಂಸತ್ತಿನ ಲೆಕ್ಕಪತ್ರ ಸಮಿತಿ ಸಿಟ್ಟಾಯಿತು. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಬಿದ್ದದ್ದು 1975ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿಎಂಸಿಯ ಹೆಗಲಿಗೆ. ತಯಾರಕರೇ ಕೈಬಿಟ್ಟ ಯಂತ್ರವನ್ನು ಓಡಿಸಿಕೊಂಡು ಹೋಗುವ ವಿದ್ಯೆ ಇಲ್ಲಿನವರಿಗೆ ಅನಿವಾರ್ಯವಾಗಿ ಒಲಿಯಿತು. ಐಬಿಎಂ ಮಾಡಿದ್ದು ವ್ಯಾಪಾರ. ಪಾಠ ಮಾತ್ರ ಪುಕ್ಕಟೆ.

ಎರಡು ದಶಕಗಳ ನಂತರ ಹಳೆ ಯಂತ್ರಗಳ ಹೊಳೆ ಬೆಂಗಳೂರಿನಿಂದಲೇ ಹೊರಟಿತು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 60 ಸವಕಳಿ ಸಿಗುತ್ತಿತ್ತು (2017ರ ನಂತರ ಅದು ಶೇ 40). ಮೂರು ವರ್ಷದಲ್ಲಿ ಖಾತೆಯ ಪುಸ್ತಕದಲ್ಲಿ ಉಳಿಯುತ್ತಿದ್ದುದು ಕೊಂಡ ಬೆಲೆಯ ನೂರಕ್ಕೆ ಆರು ಪಾಲು. ಹಾಗಿದ್ದಾಗ ಅದನ್ನು ಇಟ್ಟುಕೊಂಡು ಕೂರುವ ಕಂಪನಿ ಯಾವುದು? 1999ರಲ್ಲಿ ವೈಟುಕೆ ಭಯಕ್ಕೆ ಒಂದಷ್ಟು ಹೊರಬಿದ್ದವು. ಎರಡು ವರ್ಷದೊಳಗೆ ಡಾಟ್‌ಕಾಂ ಗುಳ್ಳೆ ಒಡೆದು ಮುಚ್ಚಿಹೋದ ಕಂಪನಿಗಳ ಪೆಟ್ಟಿಗೆಗಳು ಇನ್ನಷ್ಟು ಬಂದವು. ಸಾಫ್ಟ್‌ವೇರ್ ಪಾರ್ಕ್ ಯೋಜನೆಯಲ್ಲಿ ಸುಂಕವಿಲ್ಲದೆ ತರಿಸಿದ ಕಂಪ್ಯೂಟರುಗಳಿಗೆ ಬೇರೆಯೇ ನಿಯಮ. ಸುಂಕ ಕಟ್ಟದೆ ಮಾರುವಂತಿಲ್ಲ. ಎರಡು ವರ್ಷ ಬಳಸಿದ ಮೇಲೆ ಲಾಭಕ್ಕಲ್ಲದ ಶಾಲೆ, ಆಸ್ಪತ್ರೆಗಳಿಗೆ ದಾನ ಕೊಡಬಹುದು. ಇನ್ಫೊಸಿಸ್ ಮೈಕ್ರೋಸಾಫ್ಟ್ ಜೊತೆ ಸೇರಿ 1999ರ ಸುಮಾರಿಗೆ ಆರಂಭಿಸಿದ 'ಕಂಪ್ಯೂಟರ್ಸ್ ಅಟ್ ಕ್ಲಾಸ್‌ರೂಮ್ಸ್' ಇಂಥ ಬಳಸಿದ ಯಂತ್ರಗಳನ್ನೇ ಶಾಲೆಗಳಿಗೆ ಹಂಚಿತು. ಅದೇ ದಾರಿ ಹಿಡಿದು ಕರ್ನಾಟಕದ ಮುಕ್ತ ತಂತ್ರಾಂಶ ಬಳಗದವರು ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿದರು. ಹಳೆ ಯಂತ್ರ, ಅದರಲ್ಲಿ ಲಿನಕ್ಸ್, ಸಂಜೆ ಪಾಠ ಹೇಳಲು ಐಟಿ ನೌಕರರು.

ದಾನದ ದಾರಿಯಲ್ಲಿ ಬಾರದ್ದೆಲ್ಲ ಬಂದು ಸೇರುತ್ತಿದ್ದ ಜಾಗ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. ಪುರಭವನದಿಂದ ನಡೆದೇ ಹೋಗಬಹುದಾದ ಆ ಓಣಿಗಳಲ್ಲಿ ಕ್ಯಾಬಿನೆಟ್, ಮದರ್‌ಬೋರ್ಡ್, ಎಸ್‌ಎಂಪಿಎಸ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತಿದ್ದವು. ರ್‍ಯಾಮ್‌ಗೆ ಒಂದು ವಾರದ ಗ್ಯಾರಂಟಿ ಬಾಯಿಮಾತಿನಲ್ಲಿ. ಅಲ್ಲಿಂದ ಕೊಡಗಿಗೆ ಸಾಗಿಸುವುದು ಇನ್ನೊಂದು ಪಾಡು, ಯಾಕೆಂದರೆ ಕೊಡಗಿಗೆ ರೈಲಿಲ್ಲ. ಹುಣಸೂರು, ಪಿರಿಯಾಪಟ್ಟಣ ದಾಟಿ ಬಸ್ಸಿನಲ್ಲೇ ಬರಬೇಕು. 'ಸಿಪಿಯು' ಎಂದು ಎಲ್ಲರೂ ಕರೆಯುವ ಪೆಟ್ಟಿಗೆಯನ್ನು ಹೇಗೋ ಕಾಲ ಬಳಿ ಇಟ್ಟುಕೊಳ್ಳಬಹುದು. ಹದಿನೈದು ಕಿಲೋ ತೂಗುವ ಸಿಆರ್‌ಟಿ ಮಾನಿಟರನ್ನು ಬಸ್ಸಿನ ಮೇಲೆ ಹಾಕಲು ಮನಸ್ಸು ಬಾರದು, ತೊಡೆಯ ಮೇಲೆ ಇಟ್ಟುಕೊಂಡರೆ ಆನೆಕಾಡಿನ ತಿರುವುಗಳಲ್ಲಿ ಪ್ರಾಣ ಹೋಗುವುದು. ಅದಕ್ಕೇ ಮನೆಯ ಲ್ಯಾಬುಗಳಲ್ಲಿ ಮೂರು ಯಂತ್ರಕ್ಕೂ ಒಂದೇ ಮಾನಿಟರ್. ಹಿಂದಿನ ವೈರನ್ನು ಕಿತ್ತು ಒಂದರಿಂದ ಇನ್ನೊಂದಕ್ಕೆ ಸಿಕ್ಕಿಸುತ್ತಿದ್ದರು.

ಜೋಡಣೆಯ ವಿಚಾರಕ್ಕೆ ಬಂದರೆ, ಮೊದಲ ಲ್ಯಾಬುಗಳಲ್ಲಿ ಯಂತ್ರದಿಂದ ಯಂತ್ರಕ್ಕೆ ಓಡುತ್ತಿದ್ದುದು ಟಿವಿ ಕೇಬಲ್ಲಿನ ಜಾತಿಯ ಕೋಆಕ್ಸಿಯಲ್ ವೈರು. ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್ ಮುಚ್ಚಳ. ಒಂದು ಮುಚ್ಚಳ ಸಡಿಲವಾದರೆ ಇಡೀ ನೆಟ್‌ವರ್ಕ್ ಮೂಕ. ಎಲ್ಲಿ ಸಡಿಲವಾಗಿದೆ ಎಂದು ಹುಡುಕುತ್ತ ಮೇಜಿನ ಕೆಳಗೆ ತೆವಳಿದವರಿಗೆ ನೆಟ್‌ವರ್ಕಿನ ಮೊದಲ ಪಾಠ ಪುಸ್ತಕಕ್ಕಿಂತ ಚೆನ್ನಾಗಿ ಹತ್ತಿತು. ಆಮೇಲೆ ರಿಯಲ್‌ಟೆಕ್ 8139 ಚಿಪ್ಪಿನ ಅಗ್ಗದ ಕಾರ್ಡುಗಳು ಬಂದವು. ಹಬ್ಬಿಗೆ ದುಡ್ಡಿಲ್ಲದವರು 1, 2ನೇ ತಂತಿಗಳನ್ನು 3, 6ರ ಜಾಗಕ್ಕೆ ಅದಲುಬದಲು ಮಾಡಿ ಕ್ರಾಸ್ ಕೇಬಲ್ ಕ್ರಿಂಪ್ ಮಾಡಿಕೊಂಡರು. ಸಿಸ್ಕೊ ಕಲಿಯುವವರ ಕನಸಿನ ವಸ್ತು 2501 ರೌಟರ್. 20 ಮೆಗಾಹರ್ಟ್ಸ್‌ನ ಮೊಟೊರೊಲಾ ಪ್ರೊಸೆಸರ್, ಒಂದು ಈಥರ್‌ನೆಟ್ ಕಿಂಡಿ, ಎರಡು ಸೀರಿಯಲ್ ಕಿಂಡಿ. ಎರಡು ರೌಟರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ವೈರು ಹಾಕಿದರೆ ನಡುವೆ ಟೆಲಿಫೋನ್ ಕಂಪನಿಯ ಲೈನ್ ಇದ್ದ ಹಾಗೆ ನಟಿಸುತ್ತವೆ. ಡಿಸಿಇ, ಅಂದರೆ ತಾಳ ಕೊಡುವ ಕಡೆಯ ರೌಟರಿನಲ್ಲಿ ಕ್ಲಾಕ್ ರೇಟ್ ಕೊಡಲು ಮರೆತರೆ ಮಾತ್ರ ಜಪ್ಪಯ್ಯ ಎಂದರೂ ಲೈನ್ ಮೇಲೇಳದು. ಪರೀಕ್ಷೆಯಲ್ಲಿ ಕೇಳುತ್ತಿದ್ದುದೂ ಅದನ್ನೇ.

ತಂತ್ರಾಂಶ ಬರುತ್ತಿದ್ದುದು ಅಂಚೆಯಲ್ಲಿ. ಇದು ಇಂದಿನವರಿಗೆ ನಂಬಲು ಕಷ್ಟ. ಉಬುಂಟುವಿನ ಒಂದು ಸಿಡಿ 700 ಮೆಗಾಬೈಟ್ ಎಂದುಕೊಂಡರೆ, ಡಯಲ್‌ಅಪ್‌ನಲ್ಲಿ 40 ಕಿಲೋಬಿಟ್ ವೇಗ ಒಂದು ಕ್ಷಣವೂ ತಪ್ಪದೆ ಸಿಕ್ಕರೂ ಇಳಿಸಲು 39 ಗಂಟೆ. ಕೊಡಗಿನ ಫೋನ್ ಲೈನಿನಲ್ಲಿ ಅದು ಆಗುಹೋಗುವ ಮಾತಲ್ಲ. 'ಪಿಸಿ ಕ್ವೆಸ್ಟ್' ಪತ್ರಿಕೆ 1990ರ ದಶಕದಲ್ಲೇ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಡತೊಡಗಿತ್ತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಊರೂರಿನ ಪತ್ರಿಕೆ ಅಂಗಡಿಗಳ ಮೂಲಕ ಲಿನಕ್ಸ್ ಹಂಚಿದ ಆ ಉಪಾಯವನ್ನು ಯಾರೂ ಸಾಕಷ್ಟು ನೆನೆದಿಲ್ಲ. ಮುಂದೆ ಉಬುಂಟು ತಾನೇ, ಕೇಳಿದವರ ಮನೆಗೆ ಬಿಡಿಕಾಸಿಲ್ಲದೆ ಸಿಡಿ ಕಳಿಸಿತು. ಆ ಸೇವೆ ನಿಂತದ್ದು 2011ರ ಏಪ್ರಿಲ್‌ನಲ್ಲಿ. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ 2005ರಲ್ಲಿ ಶುರುವಾಯಿತಾದರೂ ಎಕ್ಸ್‌ಚೇಂಜ್‌ನಿಂದ ದೂರದ ತೋಟದ ಮನೆಗಳಿಗೆ ತಾಮ್ರದ ತಂತಿಯಲ್ಲಿ ಅದು ಮುಟ್ಟುವುದೇ ಕಷ್ಟ.

ಇಷ್ಟು ಕಥೆ ಹಾಸನದ್ದೋ ಶಿರಸಿಯದ್ದೋ ಆಗಬಹುದಿತ್ತು. ಕೊಡಗಿನದಾಗಿಸುವುದು ಮಳೆ.

ಮೊದಲು ಬರುವುದು ಸಿಡಿಲು, ಮುಂಗಾರಿಗೂ ಮುಂಚೆ, ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ. ಕಾಫಿ ಹೂವಿಗೆ ಬೇಕಾದ ಮಳೆಯ ಬೆನ್ನಿಗೇ ಬರುವ ಗುಡುಗು ಮೋಡಮ್ಮಿಗೆ ಕಂಟಕ. ಗುಡ್ಡದ ಮೇಲೆ ಕಂಬದಿಂದ ಕಂಬಕ್ಕೆ ಹಾದುಬರುವ ಫೋನ್ ತಂತಿ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಕ್ಕೆ ತರುತ್ತದೆ. ಮೋಡಮ್ ಸುಡುತ್ತದೆ, ಅದರ ಹಿಂದೆ ನೆಟ್‌ವರ್ಕ್ ಕಾರ್ಡು, ಕೆಲವೊಮ್ಮೆ ಮದರ್‌ಬೋರ್ಡೇ. ಸ್ಟೆಬಿಲೈಸರ್ ಇಟ್ಟರೂ ಉಪಯೋಗವಿಲ್ಲ. ಅದು ಕಾಯುವುದು ಕರೆಂಟಿನ ದಾರಿಯನ್ನು, ಫೋನಿನ ದಾರಿಯನ್ನಲ್ಲ. ದೂರದಲ್ಲಿ ಗುಡುಗಿದ ಕೂಡಲೇ ಎರಡೂ ಪ್ಲಗ್ಗು ಕಿತ್ತುಹಾಕುವುದು ಈ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲದ ವಿದ್ಯೆ. ಅರ್ತಿಂಗ್ ಸರಿಯಿದೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಲ್ಯಾಬ್ ಕಟ್ಟಿದವರು ಎಂದಾದರೂ ಕೇಳಿಕೊಂಡಿದ್ದರೇ? ಇಲ್ಲಿ ಕೇಳಿಕೊಳ್ಳದೆ ಗತಿಯಿಲ್ಲ. ಹಳೆ ಮನೆಗಳಲ್ಲಿ ಬೇಸಿಗೆ ಬಂದರೆ ಅರ್ತಿಂಗ್ ಗುಂಡಿಗೆ ನೀರು ಹೊಯ್ಯಬೇಕು.

ಜೂನ್ ಕಳೆದು ಕಕ್ಕಡ ತಿಂಗಳು ಬಂತೆಂದರೆ ಥಂಡಿ. ಭಾಗಮಂಡಲ, ಶಾಂತಳ್ಳಿ ಕಡೆ ವಾರಗಟ್ಟಲೆ ಬಿಸಿಲೇ ಇಲ್ಲ. ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಸಿಡಿಯ ಮೇಲೂ ಬೂಷ್ಟು. ಓಡುತ್ತಿರುವ ಕಂಪ್ಯೂಟರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಅದರ ಬಿಸಿಯೇ ಅದನ್ನು ಕಾಯುತ್ತದೆ. ಸಾಯುವುದು ಆರಿಸಿಟ್ಟ ಯಂತ್ರ. ಒಳಗೆ ತೇವ ಕೂತು ರ್‍ಯಾಮಿನ ಚಿನ್ನದ ಬಣ್ಣದ ತುದಿಗಳು ಮಂಕಾಗುತ್ತವೆ, ಆನ್ ಮಾಡಿದರೆ ಬರೀ ಬೀಪ್ ಸದ್ದು. ಕಳಚಿ, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ. ಬೆಚ್ಚನೆಯ ಎಸ್‌ಎಂಪಿಎಸ್ ಒಳಗೆ ಇರುವೆ ಗೂಡು ಕಟ್ಟುವುದೂ, ಹಲ್ಲಿ ನುಗ್ಗಿ ಶಾರ್ಟ್ ಆಗುವುದೂ ಉಂಟು. ಸರ್ವರ್ ಎಂದರೆ ಎಂದೂ ಆರಿಸಬಾರದ ಯಂತ್ರ ಎಂದು ಪುಸ್ತಕ ಹೇಳುತ್ತದೆ. ಕೊಡಗಿನ ಮಳೆಗಾಲ ಆ ಮಾತನ್ನು ಪುಷ್ಟೀಕರಿಸಿ, ಮರುಗಳಿಗೆಯೇ ಕರೆಂಟನ್ನೂ ತೆಗೆಯುತ್ತದೆ.

ಕರೆಂಟಿನ ಕಥೆ ಉದ್ದ. ಕಾಡು, ತೋಟಗಳ ನಡುವೆ ಹಾದ ಲೈನಿನ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ, ಲೈನ್‌ಮನ್ ಮಳೆಯಲ್ಲಿ ನೆನೆಯುತ್ತ ಹುಡುಕಿ ಬರುವವರೆಗೆ ಒಂದು ದಿನ, ಎರಡು ದಿನ, ಕೆಲವೊಮ್ಮೆ ವಾರ. ಯುಪಿಎಸ್ ಹತ್ತು ನಿಮಿಷ ತಾಳೀತು. ಹಾಗಾಗಿ ಇಲ್ಲಿ ಲ್ಯಾಬ್ ಕಟ್ಟಿದವರು ಪಠ್ಯಕ್ರಮದ ಕೊನೆಯ ಅಧ್ಯಾಯವನ್ನು ಮೊದಲು ಕಲಿಯಬೇಕಾಯಿತು: ದಿಢೀರನೆ ಸತ್ತ ಯಂತ್ರದ ಕಡತ ವ್ಯವಸ್ಥೆಯನ್ನು ಸರಿಪಡಿಸುವುದು, ಬ್ಯಾಕಪ್ ತೆಗೆಯುವುದು, ತೆಗೆದ ಬ್ಯಾಕಪ್ ಮರಳಿ ಬರುತ್ತದೆಯೇ ಎಂದು ನೋಡುವುದು. ಜರ್ನಲ್ ಇರುವ, ಅಂದರೆ ದಿಢೀರನೆ ಆರಿದರೂ ಬೇಗ ಚೇತರಿಸಿಕೊಳ್ಳುವ ಇಎಕ್ಸ್‌ಟಿ3 ಕಡತ ವ್ಯವಸ್ಥೆ 2001ರಲ್ಲಿ ಲಿನಕ್ಸಿನ ಮುಖ್ಯ ಕರ್ನಲ್‌ಗೆ ಸೇರಿದ್ದು ಊರಿಗೆಲ್ಲ ಸಣ್ಣ ಸುದ್ದಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ! 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತ ಗುಡ್ಡಗಳೇ ಜಾರಿದಾಗ ಕರೆಂಟು, ಫೋನು, ರಸ್ತೆ ಮೂರೂ ಒಟ್ಟಿಗೆ ಹೋದವು. ಮನೆ ಕಳೆದುಕೊಂಡವರ ನಡುವೆ ಆಗ ಕಂಪ್ಯೂಟರಿನ ಮಾತು ಎತ್ತುವುದೂ ತಪ್ಪು.

ಹೊರಗಿನ ಲೋಕದಲ್ಲಿ ಅಷ್ಟರೊಳಗೆ ಲ್ಯಾಬಿನ ರೂಪವೇ ಬದಲಾಗಿತ್ತು. 1999ರಲ್ಲೇ ವಿಎಂವೇರ್ ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸಿ ತೋರಿಸಿತ್ತು. ಆದರೆ 128 ಮೆಗಾಬೈಟ್ ರ್‍ಯಾಮ್ ಇದ್ದ ಯಂತ್ರದಲ್ಲಿ ಅದು ತೋರಿಕೆಗಷ್ಟೇ. 2005-06ರಲ್ಲಿ ಇಂಟೆಲ್, ಎಎಂಡಿ ಪ್ರೊಸೆಸರುಗಳೊಳಗೇ ಅದಕ್ಕೆ ನೆರವು ಕೂತಿತು, 2008ರಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬ ಮುಕ್ತ ತಂತ್ರಾಂಶ ಬಂತು. ಫ್ರಾನ್ಸಿನ ಕ್ರಿಸ್ಟೋಫ್ ಫಿಯೊ ಬರೆದ ಡೈನಾಮಿಪ್ಸ್, ಸಿಸ್ಕೊ ರೌಟರನ್ನೇ ಮಾಮೂಲಿ ಪಿಸಿಯಲ್ಲಿ ಎಬ್ಬಿಸಿ ಕೂರಿಸಿತು. ಮೇಜಿನ ತುಂಬ ಇದ್ದ ಮೂರು ಪೆಟ್ಟಿಗೆ, ಎರಡು ರೌಟರು ಒಂದೇ ಕ್ಯಾಬಿನೆಟ್ಟಿನೊಳಗೆ ಇಳಿದವು. ಅನುಕೂಲವೇನೋ ಸರಿ. ಆದರೆ ಸಡಿಲವಾದ ವೈರು, ಸುಟ್ಟ ಕಿಂಡಿ, ಅದಲುಬದಲಾದ ತಂತಿ, ಇವನ್ನು ಯಾವ ಸಿಮ್ಯುಲೇಟರೂ ಕಲಿಸುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಎದುರಾಗುವುದು ಅವೇ.

ಲ್ಯಾಬನ್ನೇ ಇಂಟರ್‌ನೆಟ್ಟಿನಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಪಡೆಯುವುದು ಅದರ ಮುಂದಿನ ಹೆಜ್ಜೆ. ಬೆಂಗಳೂರಿನಲ್ಲಿ ಇದರಿಂದ ಹಳೆ ಪೆಟ್ಟಿಗೆಗಳ ಗಿರಾಕಿ ಕಡಿಮೆಯಾಗಿರಬಹುದು. ಕೊಡಗಿನ ಲೆಕ್ಕ ಬೇರೆ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ ಐಟಿ ನೌಕರರು ಸಿಗ್ನಲ್ ಹುಡುಕಿಕೊಂಡು ತೋಟದ ತುದಿ, ಗುಡ್ಡದ ನೆತ್ತಿ ಅಲೆದರು. ಶನಿವಾರಸಂತೆ ಕಡೆಯ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ಆನ್‌ಲೈನ್ ಪಾಠ ಮಾಡಲು ಮರದ ಮೇಲೆ ಅಟ್ಟಣೆಯನ್ನೇ ಕಟ್ಟಿಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅಂಥ ಊರಿನಲ್ಲಿ ಮೋಡದ ಮೇಲಿನ ಲ್ಯಾಬಿಗಿಂತ ಮೇಜಿನ ಕೆಳಗಿನ ಲ್ಯಾಬೇ ಗಟ್ಟಿ. ಜನರೇಟರ್ ಇದ್ದರೆ ಸಾಕು, ನೆಟ್ಟಿನ ಹಂಗಿಲ್ಲದೆ ಡೊಮೈನು, ಡಿಎನ್‌ಎಸ್ಸು, ಫೈರ್‌ವಾಲು ಎಲ್ಲವನ್ನೂ ಕಟ್ಟಿ ಕೆಡವಬಹುದು. ತಮಾಷೆಯೆಂದರೆ, 2020ರಿಂದ ಹಲವು ಪರೀಕ್ಷೆಗಳನ್ನು ಮನೆಯಲ್ಲೇ ಕೂತು ಬರೆಯಬಹುದಾಯಿತು; ರೆಡ್ ಹ್ಯಾಟ್‌ನ ಪರೀಕ್ಷೆಯಂತೂ ಪೂರ್ತಿ ಕೈಕೆಲಸದ್ದೇ. ಆದರೆ ಅದಕ್ಕೆ ಕ್ಯಾಮೆರಾ ಬೇಕು, ಗಂಟೆಗಟ್ಟಲೆ ಕಡಿಯದ ನೆಟ್ಟು ಬೇಕು. ಅಭ್ಯಾಸ ತೋಟದಲ್ಲಿ, ಪರೀಕ್ಷೆಗೆ ಹಿಂದಿನವರ ಹಾಗೆಯೇ ಮೈಸೂರಿನ ಬಸ್ಸು.

ಇತ್ತೀಚಿನ ಹೊಳೆ ಹರಿದದ್ದು 2025ರ ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ಬೆಂಬಲ ನಿಂತಾಗ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಕಚೇರಿಗೆ ಬೇಡವಾದ ಆ ಯಂತ್ರಗಳು ಲಿನಕ್ಸ್ ಲ್ಯಾಬಿಗೆ ಬೇಕಾದ್ದಕ್ಕಿಂತ ಹೆಚ್ಚೇ. ಪುಸ್ತಕದಷ್ಟು ಅಗಲದ ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೊಗಳನ್ನು ಬಸ್ಸಿನಲ್ಲಿ ಹೆಗಲ ಚೀಲದಲ್ಲೇ ತರಬಹುದು. ಅವು ಸುಮ್ಮನಿದ್ದಾಗ ಎಳೆಯುವುದು ಹತ್ತು ವಾಟ್ ಆಸುಪಾಸು. ಅಗ್ಗಕ್ಕೆ ಸಿಕ್ಕಿತೆಂದು ಹದಿನೈದು ವರ್ಷ ಹಳೆಯ ರ್‍ಯಾಕ್ ಸರ್ವರ್ ತಂದವರ ಮನೆಯಲ್ಲಿ ಮಾತ್ರ ಲೆಕ್ಕ ಉಲ್ಟಾ. ಅದು 150 ವಾಟ್ ಎಳೆದರೂ ತಿಂಗಳಿಗೆ 108 ಯೂನಿಟ್. 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಸರ್ಟಿಫಿಕೇಟಿನ ಓದು ಅಡುಗೆಮನೆಯ ಮಿಕ್ಸಿ, ಬಚ್ಚಲಿನ ಗೀಸರುಗಳ ಜೊತೆ ಜಗಳಕ್ಕೆ ನಿಂತದ್ದು ಹೀಗೆ.

ಇನ್ನು ಬಿಸಾಡುವ ಪ್ರಶ್ನೆ. ಇ-ತ್ಯಾಜ್ಯದ ನಿಯಮಗಳು ಮೊದಲು ಜಾರಿಯಾದದ್ದು 2012ರ ಮೇ 1ರಂದು. ಈಗಿನವು 2023ರ ಏಪ್ರಿಲ್‌ನಿಂದ. ದೊಡ್ಡ ಬಳಕೆದಾರರು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ನವೀಕರಿಸುವವರು ಅಥವಾ ಮರುಸಂಸ್ಕರಣೆ ಮಾಡುವವರಿಗೇ ಒಪ್ಪಿಸಬೇಕು. ಪೆಟ್ಟಿಗೆಗಳು ಎಸ್.ಪಿ. ರಸ್ತೆಯ ಓಣಿಗೆ ಲಾರಿಯಲ್ಲಿ ಬಂದು ಬೀಳುತ್ತಿದ್ದ ದಾರಿ ಇದರಿಂದ ಕಿರಿದಾಗಿ, ಬಿಲ್ಲು, ವಾರಂಟಿ ಕೊಡುವ 'ರೀಫರ್ಬಿಶ್ಡ್' ಅಂಗಡಿಗಳ ದಾರಿ ಅಗಲವಾಗಿದೆ. ಕೊಡಗಿನ ಮನೆಗಳ ಅಟ್ಟಕ್ಕೆ ಈಗಾಗಲೇ ಸೇರಿದವುಗಳ ಪಾಡು ಬೇರೆ. ಯುಪಿಎಸ್‌ನ ಸತ್ತ ಬ್ಯಾಟರಿಯನ್ನು ಸೀಸದ ಆಸೆಗೆ ಗುಜರಿಯವರು ತೂಕ ಹಾಕಿ ಒಯ್ಯುತ್ತಾರೆ, ತಾಮ್ರದ ವೈರಿಗೂ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ಬೆಲೆಯಿದೆ. ಸಿಆರ್‌ಟಿ ಮಾನಿಟರಿನಲ್ಲೂ ಸೀಸವಿದೆ. ಆದರೆ ಅದು ಗಾಜಿನೊಳಗೆ ಬೆರೆತು ಕೂತಿರುವುದರಿಂದ ಬೇರ್ಪಡಿಸುವ ಖರ್ಚು ಸಿಗುವ ದುಡ್ಡಿಗಿಂತ ಹೆಚ್ಚು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.